ಚಿನ್ನದ ಮೆರುಗಿನ ಬೆಳ್ಳಿಯ ಬಟ್ಟಲುಗಳು

ಇಂಗ್ಲೆಂಡಿನ ಪ್ರಾಚೀನ ವಿದ್ಯಾಲಯಗಳಲ್ಲಿಯೂ ಪುರಸಭೆಗಳಲ್ಲಿಯೂ ಚಿನ್ನದವೆಂದೇ ತೋರುವ ಕೆಲವು ಪಾನಪಾತ್ರೆಗಳುಂಟು. ಅವು ವಾಸ್ತವವಾಗಿ ಬೆಳ್ಳಿಯವು. ಮೇಲಿರುವುದು ಚಿನ್ನದ ಗಿಲೀಟು. ಕೇಂಬ್ರಿಡ್ಜಿನ ಪೆಂಬ್ರೋಕ್ ಕಾಲೇಜಿಗೆ ಇಂತಹ ಒಂದು ಬಟ್ಟಲನ್ನು ವಿಂಚೆಸ್ಟರಿನ ಬಿಷಪ್ ಥಾಮಸ್ ಲ್ಯಾಂಗ್ಟನ್ನನು 1497ರಲ್ಲಿ ದಾನವಾಗಿ ಕೊಟ್ಟನು. ಇದನ್ನು ಪರರ ಪಾಲು ಮಾಡಿದವನು ಶಾಪಗ್ರಸ್ತನಾಗಲಿ ಎಂಬರ್ಥದ ಲ್ಯಾಟಿನ್ ಬರೆಹವು ಅದರ ಮೇಲಿದೆ. ನಮ್ಮ ದಾನಶಾಸನಗಳ ಕೊನೆಯ ಶಾಪವಾಕ್ಯಗಳನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು.

ಬಟ್ಟಲಿಗೆ ಶಾಪದ ಕಾವಲೇಕೆ? ಬೆಳ್ಳಿಯು ಆಗ ನಾಣ್ಯದ ಲೋಹವಾಗಿದ್ದಿತು. ಪಾತ್ರೆಯೆಂದರೆ ಕೂಡಿಟ್ಟ ಹಣ. ಕಷ್ಟ ಬಂದೊಡನೆ ಕುಲುಮೆಗೆ ಹೋಗತಕ್ಕ ವಸ್ತು. ಅಂತರ್ಯುದ್ಧದ ಕಾಲದಲ್ಲಿ, 1643ರಲ್ಲಿ, ಒಂದನೆಯ ಚಾರ್ಲ್ಸ್ ದೊರೆಯು ಆಕ್ಸ್‌ಫರ್ಡಿನ ಕಾಲೇಜುಗಳ ಬೆಳ್ಳಿಯನ್ನು ಸಾಲವಾಗಿ ಕೇಳಿದನು. ಬಿಳಿಯ ಬೆಳ್ಳಿಗೆ ಔನ್ಸಿಗೆ 5 ಶಿಲ್ಲಿಂಗು, ಗಿಲೀಟಿನದಕ್ಕೆ 5 ಶಿಲ್ಲಿಂಗು 6 ಪೆನ್ಸು ಎಂದು ದರ ಗೊತ್ತುಮಾಡಿದನು. ಶತಮಾನಗಳ ದಾನಗಳು ಆ ಊರಿನ ಟಂಕಸಾಲೆಯಲ್ಲಿಯೇ ಕರಗಿ ನಾಣ್ಯಗಳಾದುವು. ಆ ಲೆಕ್ಕದಲ್ಲಿ ತೂಕಕ್ಕೆ ಬೆಲೆಯಿದ್ದಿತು, ಕೈಕೆಲಸಕ್ಕೆ ಇರಲಿಲ್ಲ.

ಬೆಳ್ಳಿಯೇ ಹಣವಾದುದರಿಂದ ಅದರ ಬೆರಕೆಯನ್ನು ತಡೆಯುವುದು ರಾಜ್ಯದ ಕರ್ತವ್ಯವಾಯಿತು. 1000 ಪಾಲಿನಲ್ಲಿ 925 ಪಾಲು ಶುದ್ಧ ಬೆಳ್ಳಿಯಿರಬೇಕೆಂದೂ, ಪರೀಕ್ಷಿಸಿದ ಪಾತ್ರೆಗೆ ಚಿರತೆಯ ತಲೆಯ ಮುದ್ರೆಯನ್ನೊತ್ತಬೇಕೆಂದೂ 1300ರಲ್ಲಿ ಒಂದನೆಯ ಎಡ್ವರ್ಡನು ಶಾಸನ ಮಾಡಿದನು. 1363ರಲ್ಲಿ ಅಕ್ಕಸಾಲೆಯ ಯಜಮಾನನ ಸ್ವಂತ ಮುದ್ರೆಯೂ, 1478ರಲ್ಲಿ ವರ್ಷಸೂಚಕವಾದ ಅಕ್ಷರವೂ ಸೇರಿದುವು. ಪೆಂಬ್ರೋಕಿನ ಬಟ್ಟಲು ದಾನಕ್ಕಿಂತ ಮೊದಲೇ, 1481-82ರಲ್ಲಿ, ತಯಾರಾದುದೆಂದು ಆ ಅಕ್ಷರದಿಂದ ತಿಳಿಯುತ್ತದೆ. ಅದಕ್ಕಿಂತ ಹಳೆಯ ಪಾತ್ರೆಗಳಿಗೆ ಈ ಅನುಕೂಲವಿಲ್ಲ. ಕಿಂಗ್ಸ್ ಲಿನ್ ಪಟ್ಟಣದ ಪ್ರಸಿದ್ಧ ಬಟ್ಟಲಿಗೆ 1216ರಲ್ಲಿ ತೀರಿಕೊಂಡ ಜಾನ್ ದೊರೆಯ ಹೆಸರು ಅಂಟಿಕೊಂಡಿದೆ. ಆದರೆ ಅದರ ಎನಾಮಲಿನ ಚಿತ್ರಗಳ ಉಡುಗೆಗಳು ಸುಮಾರು 1340ರ ಕಾಲದವು.

ಇನ್ನು ಕೆಲಸದ ಕ್ರಮ. ಬೆಳ್ಳಿಯ ತಗಡನ್ನು ಕಬ್ಬಿಣದ ಗೂಟದ ಮೇಲಿರಿಸಿ, ಸುತ್ತು ಸುತ್ತಾಗಿ ಬಡಿದು, ಬಟ್ಟಲಿನಾಕಾರಕ್ಕೆ ಎಬ್ಬಿಸುವರು. ಬಡಿದಷ್ಟೂ ಬೆಳ್ಳಿಯು ಗಡುಸಾಗುವುದು. ನಡುನಡುವೆ ಕೆಂಪಗೆ ಕಾಯಿಸಿ ಮೆತ್ತಗೆ ಮಾಡದಿದ್ದರೆ ಬಿರಿಯುವುದು. ಬಳಿಕ ಒಳಗೆ ರಾಳವನ್ನು ತುಂಬಿ ಹೊರಮೈಯಲ್ಲಿ ಚಿತ್ತಾರವನ್ನು ಒತ್ತುವರು.

ಕೊನೆಯದು ಗಿಲೀಟು. ಚಿನ್ನವನ್ನು ಪಾದರಸದೊಡನೆ ಬೆಣ್ಣೆಯಂತೆ ಕಲಸಿ, ಬೆಳ್ಳಿಗೆ ಸವರಿ, ಇದ್ದಿಲ ಬೆಂಕಿಯ ಮೇಲೆ ಹಿಡಿಯುತ್ತಿದ್ದರು. ಪಾದರಸವು ಆವಿಯಾಗಿ ಹೋಗಿ ಚಿನ್ನವು ಬೆಳ್ಳಿಯನ್ನು ಕಚ್ಚಿಕೊಂಡು ನಿಲ್ಲುತ್ತಿದ್ದಿತು; ಅಕೀಕದ ಕಲ್ಲಿನಿಂದ ಉಜ್ಜಿದ ಮೇಲೆ ಹೊಳಪೇರುತ್ತಿದ್ದಿತು. ಆದರೆ ಆ ಆವಿಯು ವಿಷ. ಅದನ್ನು ದಿನವೂ ಉಸಿರಾಡಿದವರ ಕೈಗಳು ನಡುಗುತ್ತಿದ್ದುವು, ಹಲ್ಲುಗಳು ಉದುರುತ್ತಿದ್ದುವು, ಅನೇಕರು ಅಲ್ಪಾಯುಗಳಾದರು. 1840ರಲ್ಲಿ ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ನರು ವಿದ್ಯುತ್ತಿನಿಂದ ಲೇಪಿಸುವ ಕ್ರಮಕ್ಕೆ ಹಕ್ಕುಪತ್ರವನ್ನು ಪಡೆದ ಮೇಲೆ ಈ ಪದ್ಧತಿಯು ಕ್ರಮೇಣ ಹಿಂದೆ ಬಿದ್ದಿತು.

ಆದುದರಿಂದ ಇಂತಹ ಬಟ್ಟಲನ್ನು ಕಂಡವರು ಅದರ ಮುದ್ರೆಗಳನ್ನು ಸಾವಧಾನವಾಗಿ ಓದತಕ್ಕದ್ದು. ಲೋಹದ ಶುದ್ಧಿಯು ಅಲ್ಲಿರುವುದು, ವರ್ಷವಿರುವುದು, ಯಜಮಾನನ ಗುರುತಿರುವುದು. ಮೆರುಗನ್ನು ಕೊಟ್ಟವನ ಗುರುತು ಮಾತ್ರ ಆ ಮೆರುಗೊಂದೇ.