ಸಬ್ಬಕ್ಕಿಯೊಳಗಿನ ಬಲೆ

ಮಕ್ಕಳೇ, ಸಬ್ಬಕ್ಕಿ ಪಾಯಸವನ್ನು ನೀವು ಉಂಡಿರಬಹುದು. ನಮ್ಮ ಕಡೆ ಇದನ್ನು ಜವ್ವರಿಸಿ ಎಂದೂ ಕರೆಯುವರು. ಹೆಸರಿನಲ್ಲಿ ಅಕ್ಕಿ ಇದ್ದರೂ ಇದು ಭತ್ತದಿಂದ ಬಂದುದಲ್ಲ, ಮರಗೆಣಸಿನಿಂದ ಮಾಡಿದ್ದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೇಲಂನಲ್ಲಿ ಇದರ ತಯಾರಿಕೆ ಆರಂಭವಾಯಿತು. 2023ರಲ್ಲಿ ಸೇಲಂ ಸಬ್ಬಕ್ಕಿಗೆ ಭೌಗೋಳಿಕ ಗುರುತು ದೊರೆಯಿತು.

ಗೆಣಸಿನ ಸಿಪ್ಪೆ ತೆಗೆದು, ಅರೆದು, ಹಾಲನ್ನು ಸೋಸಿ ತೊಟ್ಟಿಯಲ್ಲಿ ನಿಲ್ಲಿಸುತ್ತಾರೆ. ತಳದಲ್ಲಿ ಬಿಳಿಯ ಪಿಷ್ಟ ಕೂರುತ್ತದೆ. ಅದನ್ನು ಕುಲುಕಿ ಕಾಳು ಮಾಡಿ, ಕಾದ ಹೆಂಚಿನ ಮೇಲೆ ಹುರಿದು, ಬಿಸಿಲಿನಲ್ಲಿ ಒಣಗಿಸುತ್ತಾರೆ.

ಪಿಷ್ಟವೆಂದರೆ ಗ್ಲೂಕೋಸ್ ಎಂಬ ಸಕ್ಕರೆಯ ಕಣಗಳನ್ನು ಪೋಣಿಸಿದಂತಿರುವ ಉದ್ದನೆಯ ಸರ. ನೀರಿನಲ್ಲಿ ಕಾಯಿಸಿದಾಗ ಈ ಸರಗಳು ಬಿಡಿಸಿಕೊಂಡು ನೀರನ್ನು ಹೀರುತ್ತವೆ. ಆರಿದಾಗ ಒಂದಕ್ಕೊಂದು ತೊಡರಿಕೊಂಡು ಬಲೆಯಂತಾಗುತ್ತವೆ. ಪಾಯಸ ಆರಿದ ಮೇಲೆ ಗಟ್ಟಿಯಾಗುವುದು ಇದರಿಂದಲೇ. ನೀರನ್ನು ಹಿಡಿದಿಟ್ಟ ಇಂತಹ ಬಲೆಗೆ ಜೆಲ್ ಎನ್ನುವರು.

ಒಂದು ಪ್ರಯೋಗ ಮಾಡಿ ನೋಡಿರಿ. ಅಮ್ಮನ ಸಹಾಯದಿಂದ ಸಬ್ಬಕ್ಕಿಯನ್ನು ಗಟ್ಟಿಯಾಗಿ ಬೇಯಿಸಿ, ಬೀಟ್‌ರೂಟ್ ರಸ ಬೆರೆಸಿ ಆರಲು ಬಿಡಿ. ಅದರ ಒಂದು ತುಂಡನ್ನು ಒಂದು ಲೋಟ ನೀರಿಗೆ ಹಾಕಿ. ಇನ್ನೊಂದು ಲೋಟಕ್ಕೆ ಬರಿಯ ರಸವನ್ನು ಹಾಕಿ ಕಲಕಿ. ಎರಡನೆಯ ಲೋಟದ ನೀರು ಕೂಡಲೇ ಕೆಂಪಾಗುವುದು. ಮೊದಲನೆಯದರಲ್ಲಿ ಬಣ್ಣ ಮೆಲ್ಲಮೆಲ್ಲನೆ ಹೊರಬರುವುದು. ಅದು ಬಲೆಯ ಕಣ್ಣುಗಳಲ್ಲಿ ನುಸುಳಿ ಬರಬೇಕಲ್ಲವೇ?

ಈಗ ಧರ್ಮಪುರಿಯ ಮಳೆಯಾಧಾರಿತ ಹೊಲವನ್ನು ನೆನೆಯಿರಿ. ರೈತನು ಯೂರಿಯಾ ಹಾಕಿದ ಮರುದಿನವೇ ಜೋರು ಮಳೆ ಬಂದರೆ ಗೊಬ್ಬರ ಕರಗಿ ಹರಿದುಹೋಗುತ್ತದೆ. ಹಣವೂ ಹೋಯಿತು, ಬೆಳೆಗೂ ಸಿಗಲಿಲ್ಲ. ಗೊಬ್ಬರವನ್ನು ಜೆಲ್ಲಿನೊಳಗೆ ಇಟ್ಟರೆ ಅದು ದಿನದಿನವೂ ಸ್ವಲ್ಪಸ್ವಲ್ಪವೇ ಬೇರಿಗೆ ದೊರೆಯುವುದು. ಆದರೆ ಬರಿಯ ಪಿಷ್ಟದ ಜೆಲ್ ಒದ್ದೆ ಮಣ್ಣಿನಲ್ಲಿ ಬೇಗನೆ ಕೊಳೆಯುತ್ತದೆ. ಹೊಗೇನಕಲ್ಲಿನ ಬೆಸ್ತರ ಬಲೆಯನ್ನು ನೋಡಿದ್ದೀರಾ? ಗಂಟುಗಳಿಲ್ಲದಿದ್ದರೆ ಅದು ಬರಿಯ ದಾರ. ಹಾಗೆಯೇ ವಿಜ್ಞಾನಿಗಳು ಪಿಷ್ಟದ ಸರಗಳ ನಡುವೆ ಅಡ್ಡಕೊಂಡಿಗಳನ್ನು ಹಾಕುತ್ತಾರೆ. ಕೊಂಡಿಗಳು ಹೆಚ್ಚಿದರೆ ಕಣ್ಣು ಕಿರಿದಾಗಿ ಗೊಬ್ಬರ ತೀರ ತಡವಾಗುವುದು. ಕಡಿಮೆಯಾದರೆ ಬೇಗನೆ ಸೋರುವುದು. ಅಳತೆ ಹಿಡಿಯುವುದೇ ಕಷ್ಟದ ಕೆಲಸ. ತಿರುವನಂತಪುರದ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆಯವರು ಮರಗೆಣಸಿನ ಪಿಷ್ಟದಿಂದ ಮಣ್ಣಿನಲ್ಲಿ ನೀರನ್ನು ಹಿಡಿದಿಡುವ ಜೆಲ್ಲನ್ನೂ ತಯಾರಿಸಿದ್ದಾರೆ.

ಕೆಲವು ಔಷಧಿಯ ಗುಳಿಗೆಗಳಲ್ಲಿಯೂ ಇಂತಹ ಜೆಲ್ ಇರುತ್ತದೆ. ದಿನಕ್ಕೆ ಮೂರು ಸಲ ನುಂಗುವ ಬದಲು ಒಂದು ಸಲ ನುಂಗಿದರೆ ಸಾಕು. ಅಂತಹ ಗುಳಿಗೆಯನ್ನು ಪುಡಿ ಮಾಡಿ ಕೊಡಬಾರದು ಎಂದು ವೈದ್ಯರು ಅಜ್ಜಿಗೆ ಹೇಳುವುದನ್ನು ನೀವು ಕೇಳಿರಬಹುದು. ಪುಡಿ ಮಾಡಿದರೆ ಬಲೆ ಹರಿದು, ಇಡೀ ದಿನದ ಮದ್ದು ಒಮ್ಮೆಲೇ ಹೊಟ್ಟೆಗೆ ಸೇರುತ್ತದೆ.