ಮಿದುಳಿನಲ್ಲಿ ಅಡಗುವ ದಡಾರ

ದಡಾರವು ಮಕ್ಕಳಿಗೆ ಬಂದು ಹೋಗುವ ಸಾಮಾನ್ಯ ಕಾಯಿಲೆಯೆಂದು ಅನೇಕರ ಎಣಿಕೆ. ಮೈಮೇಲಿನ ಗುಳ್ಳೆಗಳು ಮಾಯವಾದೊಡನೆ ಅದನ್ನು ಮರೆತುಬಿಡುತ್ತೇವೆ. ಆದರೆ ಅಪರೂಪವಾಗಿ ಅದರ ವೈರಸ್ಸು ದೇಹವನ್ನು ಬಿಟ್ಟುಹೋಗದೆ ಮಿದುಳಿನಲ್ಲಿ ಅಡಗಿದ್ದು, ಸಾಮಾನ್ಯವಾಗಿ ಆರರಿಂದ ಹತ್ತು ವರ್ಷಗಳ ಬಳಿಕ ತಲೆಯೆತ್ತುವುದುಂಟು. ಓದಿನಲ್ಲಿ ಚುರುಕಾಗಿದ್ದ ಮಗು ಹಿಂದೆ ಬೀಳುತ್ತದೆ, ನಡತೆ ಬದಲಾಗುತ್ತದೆ, ಕೈಕಾಲುಗಳು ಮತ್ತೆ ಮತ್ತೆ ಥಟ್ಟನೆ ಅದುರುತ್ತವೆ, ಕೊನೆಗೆ ಅರಿವೇ ಅಳಿಯುತ್ತದೆ. ಹೆಚ್ಚಿನ ರೋಗಿಗಳು ಕೆಲವೇ ವರ್ಷಗಳಲ್ಲಿ ಮರಣ ಹೊಂದುತ್ತಾರೆ. ಈ ರೋಗವನ್ನು ವೈದ್ಯರು ಸಂಕ್ಷೇಪವಾಗಿ ಎಸ್.ಎಸ್.ಪಿ.ಇ. ಎನ್ನುತ್ತಾರೆ.

1933ರಲ್ಲಿ ಅಮೆರಿಕದ ಡಾಸನ್ ಎಂಬ ವೈದ್ಯರು ಇಂತಹ ರೋಗಿಯ ಮಿದುಳಿನ ಜೀವಕೋಶಗಳೊಳಗೆ ಅಸಹಜವಾದ ಕಾಯಗಳನ್ನು ಕಂಡು, ಇದು ವೈರಸ್ಸಿನ ಕೆಲಸವಿರಬೇಕೆಂದು ಶಂಕಿಸಿದರು. 1969ರಲ್ಲಿ ರೋಗಿಗಳ ಮಿದುಳಿನಿಂದಲೇ ದಡಾರದ ವೈರಸ್ಸನ್ನು ಬೇರ್ಪಡಿಸಲಾಯಿತು.

ಶತ್ರುವಿನ ಗುರುತು ಸಿಕ್ಕಿದ ಮೇಲೂ ಚಿಕಿತ್ಸೆ ಏಕೆ ಕಠಿಣ? ಮೂರು ಕಾರಣಗಳಿವೆ. ಮೊದಲನೆಯದಾಗಿ, ರಕ್ತಕ್ಕೂ ಮಿದುಳಿಗೂ ನಡುವೆ ಪ್ರಕೃತಿಯೇ ನಿರ್ಮಿಸಿರುವ ತಡೆಯೊಂದುಂಟು. ಅನೇಕ ಔಷಧಗಳು ಅದನ್ನು ದಾಟಲಾರವು. ಎರಡನೆಯದಾಗಿ, ರೂಪಾಂತರ ಹೊಂದಿದ ಈ ವೈರಸ್ಸು ಹೊರಬರದೆ ಒಂದು ನರಕೋಶದಿಂದ ನೇರವಾಗಿ ಮತ್ತೊಂದಕ್ಕೆ ಸಾಗುತ್ತದೆ. ಆದುದರಿಂದ ದೇಹವು ಹೇರಳವಾಗಿ ತಯಾರಿಸುವ ಪ್ರತಿಕಾಯಗಳ ಕೈಗೆ ಅದು ಸಿಕ್ಕುವುದಿಲ್ಲ. ಮೂರನೆಯದಾಗಿ, ರೋಗವು ಗೋಚರಿಸುವ ವೇಳೆಗೆ ಬಹಳಷ್ಟು ನರಕೋಶಗಳು ಸತ್ತಿರುತ್ತವೆ. ವೈರಸ್ಸನ್ನು ತಡೆದರೂ ಅವು ಮರಳಿ ಬಾರವು.

ಈಗ ಬಳಸುವ ಔಷಧಗಳಲ್ಲಿ ಐಸೋಪ್ರಿನೋಸಿನ್ ಬಾಯಿಯ ಮೂಲಕ ಕೊಡುವಂಥದು. ಇಂಟರ್‌ಫೆರಾನ್ ಎಂಬುದು ವೈರಸ್ಸುಗಳ ವಿರುದ್ಧ ದೇಹವೇ ಉತ್ಪಾದಿಸುವ ವಸ್ತು. ರಿಬಾವಿರಿನ್ ವೈರಸ್ಸಿನ ವಂಶವೃದ್ಧಿಗೆ ಅಡ್ಡಿಯಾಗುತ್ತದೆ. ಮೇಲೆ ಹೇಳಿದ ತಡೆಯನ್ನು ತಪ್ಪಿಸಲು ಕೊನೆಯ ಎರಡನ್ನು ಮಿದುಳಿನ ಒಳಕುಹರಗಳಿಗೇ ನೇರವಾಗಿ ಸೇರಿಸುವುದುಂಟು. ಜಪಾನಿನ ವೈದ್ಯರು ರಿಬಾವಿರಿನ್ನನ್ನು ಹೀಗೆ ಪ್ರಯೋಗಿಸಿದ್ದಾರೆ.

ಫಲವೇನು? 2003ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಪರೀಕ್ಷೆಯೊಂದರಲ್ಲಿ ಒಂದು ಗುಂಪಿಗೆ ಐಸೋಪ್ರಿನೋಸಿನ್ ಮಾತ್ರ, ಇನ್ನೊಂದಕ್ಕೆ ಅದರೊಡನೆ ಇಂಟರ್‌ಫೆರಾನ್ ಕೊಡಲಾಯಿತು. ಎರಡರಲ್ಲಿಯೂ ಸುಮಾರು ಮೂರನೆಯ ಒಂದು ಭಾಗದಷ್ಟು ರೋಗಿಗಳ ಸ್ಥಿತಿ ಸುಧಾರಿಸಿತು, ಇಲ್ಲವೇ ಇದ್ದಲ್ಲಿಗೇ ನಿಂತಿತು. ತಾನಾಗಿಯೇ ಹೀಗಾಗುವುದು ನೂರಕ್ಕೆ ಐದರಿಂದ ಹತ್ತು ಮಂದಿಯಲ್ಲಿ ಎಂದು ಹಿಂದಿನ ವರದಿಗಳು ಹೇಳಿದ್ದುವು. ಆದರೆ ಔಷಧವಿಲ್ಲದ ಗುಂಪೊಂದನ್ನು ಜೊತೆಗಿಟ್ಟು ಹೋಲಿಸದ ಕಾರಣ, ಇದನ್ನು ಔಷಧದ ಜಯವೆಂದು ನಿಶ್ಚಯಿಸಿ ಹೇಳುವಂತಿಲ್ಲ. ರೋಗದ ಓಟವನ್ನು ಕೆಲವರಲ್ಲಿ ನಿಧಾನಿಸಬಹುದು. ನಿರ್ಮೂಲಗೊಳಿಸುವ ಔಷಧ ಇನ್ನೂ ದೊರೆತಿಲ್ಲ.

ತಡೆಯುವ ಉಪಾಯವಾದರೋ ನಮ್ಮ ಕೈಯಲ್ಲಿಯೇ ಇದೆ. ಎರಡು ವರ್ಷ ತುಂಬುವ ಮೊದಲೇ ದಡಾರ ತಗಲಿದ ಮಕ್ಕಳಿಗೆ ಈ ಅಪಾಯ ಹೆಚ್ಚು. ರೋಗಿಗಳ ಮಿದುಳಿನಲ್ಲಿ ಕಂಡುಬಂದಿರುವುದು ಲಸಿಕೆಯ ವೈರಸ್ಸಲ್ಲ, ಸಹಜ ದಡಾರದ ವೈರಸ್ಸು. ನಮ್ಮ ದೇಶದಲ್ಲಿ ಮಗುವಿಗೆ ಒಂಬತ್ತು ತಿಂಗಳು ತುಂಬಿದಾಗ ಮೊದಲನೆಯ ಲಸಿಕೆಯನ್ನೂ, ಹದಿನಾರರಿಂದ ಇಪ್ಪತ್ತನಾಲ್ಕು ತಿಂಗಳೊಳಗೆ ಎರಡನೆಯದನ್ನೂ ಹಾಕುತ್ತಾರೆ. ಹತ್ತು ವರ್ಷಗಳ ಅನಂತರ ಯಾವ ಔಷಧವೂ ಮಾಡಲಾರದ ಕೆಲಸವನ್ನು ಆ ಎರಡು ಚುಚ್ಚುಮದ್ದುಗಳು ಮೊದಲೇ ಮಾಡಿ ಮುಗಿಸುತ್ತವೆ.