ಎಂಟು ಕಾಲಿನ ಮಾತುಗಾರ

ಮೇಜಿನ ಕೆಳಗೆ ಲ್ಯಾನ್ ಕೇಬಲ್‌ನ ಇಡೀ ಪೆಟ್ಟಿಗೆ. ಉದ್ದ 305 ಮೀಟರ್. ಅದರ ಎರಡೂ ತುದಿ ಮೇಜಿನ ಮೇಲೆ, ತುದಿಗೊಂದು ಆರ್ಡುಯಿನೊ. ಈ ಕಡೆಯಿಂದ ‘ನಮಸ್ಕಾರ’ ಕಳಿಸಿದೆ. ಆ ಕಡೆ ಬಂದದ್ದು ಬರೀ ಕಸ! ಗೋಡೆಯಾಚೆ ಅಡುಗೆಮನೆಯಲ್ಲಿ ಮಿಕ್ಸಿ ಚಟ್ನಿ ಅರೆಯುತ್ತಿತ್ತು. ಮಿಕ್ಸಿ ನಿಂತರೆ ನಮಸ್ಕಾರ, ಓಡಿದರೆ ಕಸ.

ಆಮೇಲೆ ಎರಡೂ ತುದಿಗೆ ಎಂಟು ಕಾಲಿನ ಪುಟ್ಟ ಕರಿ ಚಿಪ್ ಕೂರಿಸಿದೆ. ಹೆಸರು ಮ್ಯಾಕ್ಸ್485. ಮಿಕ್ಸಿ ಅದೇ ಅಬ್ಬರದಲ್ಲಿದೆ, ಪರದೆಯ ಮೇಲೆ ಮಾತ್ರ ನಮಸ್ಕಾರ, ನಮಸ್ಕಾರ, ನಮಸ್ಕಾರ! ಇದೇನು ಕಣ್ಕಟ್ಟು?

ಗುಟ್ಟು ಇಷ್ಟೇ. ಒಂದೇ ಸುದ್ದಿಯನ್ನು ಈ ಚಿಪ್ ಎರಡು ತಂತಿಯಲ್ಲಿ ಕಳಿಸುತ್ತದೆ. ಎ ಏರಿದಾಗ ಬಿ ಇಳಿಯುತ್ತದೆ, ಬಿ ಏರಿದಾಗ ಎ ಇಳಿಯುತ್ತದೆ. ಕೇಳುವ ಚಿಪ್ ನೋಡುವುದು ಒಂದನ್ನೇ: ಎರಡರಲ್ಲಿ ಯಾವುದು ಮೇಲೆ? 200 ಮಿಲಿವೋಲ್ಟ್ ವ್ಯತ್ಯಾಸ ಉಳಿದಿದ್ದರೂ ಅದಕ್ಕೆ ಸಾಕು. ತಂತಿಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಮಿಕ್ಸಿಯ ಗದ್ದಲ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಸಮನೆ ಬಡಿಯುತ್ತದೆ. ತಕ್ಕಡಿಯ ಎರಡೂ ತಟ್ಟೆಗೆ ಒಂದೇ ತೂಕ ಹಾಕಿದರೆ ಮುಳ್ಳು ಅಲುಗೀತೇ?

ಈ ಎರಡು ತಂತಿಯ ಪದ್ಧತಿಗೆ ಆರ್‌ಎಸ್-485 ಎಂದು ಹೆಸರು. ಇದರ ಹಿರಿಯಣ್ಣ 1960ರ ಆರ್‌ಎಸ್-232. ಅಲ್ಲಿ ಸುದ್ದಿಗೆ ಒಂದೇ ತಂತಿ; ಒಂದು ಎನ್ನಲು ಮೈನಸ್ ವೋಲ್ಟೇಜು, ಸೊನ್ನೆ ಎನ್ನಲು ಪ್ಲಸ್. ಕೆಲವೇ ಮೀಟರ್ ದೂರಕ್ಕೆ ಸರಿ. ಅದಕ್ಕೆಂದು ಹುಟ್ಟಿದ ಮ್ಯಾಕ್ಸ್232 ಕೂಡ ಕಡಿಮೆಯದಲ್ಲ: ನಾಲ್ಕು ಕೆಪಾಸಿಟರ್ ಕೊಟ್ಟರೆ ಬರೀ 5 ವೋಲ್ಟಿನಿಂದ ಸುಮಾರು ಪ್ಲಸ್ 10, ಮೈನಸ್ 10 ಎರಡನ್ನೂ ತಾನೇ ಎತ್ತಿಕೊಡುತ್ತದೆ! ಆದರೆ ತೋಟದ ಈ ತುದಿಯಿಂದ ಆ ತುದಿಯ ಪಂಪ್‌ಹೌಸನ್ನು ಮಾತಾಡಿಸಬೇಕೆಂದರೆ 1983ರಲ್ಲಿ ಬಂದ ಆರ್‌ಎಸ್-485ನ್ನೇ ಹಿಡಿಯಬೇಕು. ವೇಗ ಕಡಿಮೆ ಇಟ್ಟರೆ ಅದು 1200 ಮೀಟರ್‌ವರೆಗೂ ಮುಟ್ಟುತ್ತದೆ.

ಹಾಗಾದರೆ ಯಾವ ಚಿಪ್? ನಿಮ್ಮ ಬೋರ್ಡು 5 ವೋಲ್ಟಿನದಾದರೆ ಮ್ಯಾಕ್ಸ್485, ಇಎಸ್‌ಪಿ32ರಂಥ 3.3 ವೋಲ್ಟಿನದಾದರೆ ಮ್ಯಾಕ್ಸ್3485. ಒಂದೇ ಸಾಲಿಗೆ 32 ಉಪಕರಣ ಸಾಲದೇ? ಮ್ಯಾಕ್ಸ್487 ತನ್ನಂಥ 128ನ್ನು ಜೋಡಿಸಲು ಬಿಡುತ್ತದೆ. ಅಚ್ಚರಿ ನೋಡಿ, ಅದರ ವೇಗದ ಮಿತಿ 250 ಕೆಬಿಪಿಎಸ್ ಮಾತ್ರ, ಮ್ಯಾಕ್ಸ್485ರ ಹತ್ತನೇ ಒಂದು ಪಾಲು; ಆ ನಿಧಾನವೇ ಅದರ ಗುಣ! ಅಂಚುಗಳು ಮೆಲ್ಲಗೆ ಏರಿಳಿಯುವುದರಿಂದ ತಂತಿಯ ತುದಿಗೆ ಬಡಿದು ಹಿಂದಿರುಗುವ ಪ್ರತಿಧ್ವನಿಯ ಕಾಟ ಕಡಿಮೆ.

ಬ್ರೆಡ್‌ಬೋರ್ಡ್ ಮೇಲೆ ಕೂರಿಸುವುದಾದರೆ ಡಿಪ್ ರೂಪದ ಚಿಪ್ಪನ್ನೇ ಕೇಳಿ ತನ್ನಿ. ವಿದ್ಯುತ್ ಕಾಲಿನ ಪಕ್ಕದಲ್ಲೇ 0.1 ಮೈಕ್ರೊಫ್ಯಾರಡ್ ಕೆಪಾಸಿಟರ್ ಇರಲಿ. ಸಾಲಿನ ಎರಡು ಕೊನೆಗೆ ಮಾತ್ರ 120 ಓಮ್ ರೆಸಿಸ್ಟರ್ ಹಾಕಿ, ನಡುವಿನವಕ್ಕೆ ಬೇಡ. ಏನೂ ಬರುತ್ತಿಲ್ಲವೇ? ಎ, ಬಿ ತಂತಿ ಅದಲುಬದಲು ಮಾಡಿ ನೋಡಿ. ಒಬ್ಬರ ಎ ಇನ್ನೊಬ್ಬರ ಬಿ ಆಗಿರುವುದುಂಟು.

ನನ್ನನ್ನು ಒಂದು ಸಂಜೆ ಪೂರ್ತಿ ಕಾಡಿದ್ದು ಡಿಇ ಎಂಬ ಕಾಲು. ಅದು ಮೇಲಿದ್ದರೆ ಚಿಪ್ ಮಾತಾಡುತ್ತದೆ. ಆರ್‌ಇ ಕಾಲನ್ನೂ ಅದಕ್ಕೇ ಜೋಡಿಸಿಟ್ಟರೆ, ಕೆಳಗಿಳಿಸಿದಾಗ ಕೇಳುತ್ತದೆ. ‘ನಮಸ್ಕಾರ’ ಹೋಗುತ್ತಿತ್ತು, ಕೊನೆಯ ‘ರ’ ಬರುವಲ್ಲಿ ಪ್ರಶ್ನೆ ಚಿಹ್ನೆ! ಕನ್ನಡದ ‘ರ’ ಯುನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಮೂರು ಬೈಟ್ ಆಗಿ ಹೊರಡುತ್ತದೆ. ಮೂರನೆಯದು ಇನ್ನೂ ದಾರಿಯಲ್ಲಿರುವಾಗಲೇ ನಾನು ಡಿಇ ಇಳಿಸಿಬಿಡುತ್ತಿದ್ದೆ. 9600 ಬಾಡ್‌ನಲ್ಲಿ ಒಂದು ಬೈಟ್ ದಾಟಲು ಒಂದು ಮಿಲಿಸೆಕೆಂಡಿಗಿಂತ ತುಸು ಹೆಚ್ಚೇ ಬೇಕು. ಅಷ್ಟು ಕಾದೆ, ‘ರ’ ಬಂತು.

ಡೇಟಾಶೀಟ್ ಬಿಡಿಸುವ ಮೊದಲು ಒಂದು ಚೀಟಿಯಲ್ಲಿ ನಾಲ್ಕು ಸಾಲು ಬರೆದುಕೊಳ್ಳಿ: ಎಷ್ಟು ದೂರ, ಎಷ್ಟು ಉಪಕರಣ, ಎಷ್ಟು ವೇಗ, ಎಷ್ಟು ವೋಲ್ಟ್. ಚಿಪ್ ತಾನಾಗಿ ಸಿಗುತ್ತದೆ. ವೇಗದ ಸಾಲಿನಲ್ಲಿ ಮಾತ್ರ ಆಸೆಗೆ ಬೀಳಬೇಡಿ.